ಐದಾರು ಮಳೆಗಾಲ ಕಂಡ ಬೀಡಿನ ಕಾವಲಿ

ಗಾಡಿಯಲ್ಲಿ ಸಿಗುವಂಥ ದೋಸೆ ಮನೆಯಲ್ಲಿ ಏಕೆ ಬರುವುದಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಮೊದಲು ಕಾವಲಿ ಬದಲಿಸಿ. ಹಿಟ್ಟಿನ ವಿಷಯ ಆಮೇಲೆ ನೋಡೋಣ.

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. 12 ಇಂಚಿನ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿಯನ್ನು ಐದಾರು ವರ್ಷದಿಂದ ಬಳಸುತ್ತಿದ್ದೇನೆ. ಅದಕ್ಕೆ ಕಂಪನಿ ಹೆಸರೇನೂ ಇಲ್ಲ. ಪಾತ್ರೆ ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರಲ್ಲ, ಅಂಥದ್ದು.

ನಮ್ಮ ಬೀದಿಯ ತಿರುವಿನಲ್ಲಿ ಸಂಜೆ ನಿಲ್ಲುವ ದೋಸೆ ಗಾಡಿಯವರನ್ನು ಒಮ್ಮೆ ಕೇಳಿದ್ದೆ, ಹಿಟ್ಟಿಗೆ ಏನು ಹಾಕ್ತೀರಿ ಅಂತ. "ಏನಿಲ್ಲ ಅಕ್ಕಾ, ಅಕ್ಕಿ, ಉದ್ದು, ಒಂಚೂರು ಮೆಂತ್ಯ, ಅವಲಕ್ಕಿ. ಎಲ್ರ ಮನೇಲೂ ಅಷ್ಟೇ. ಹಂಚು ಕಾಯ್ಬೇಕು ನೋಡಿ" ಅಂದರು. ಅವರ ಕೈಯನ್ನೇ ನೋಡುತ್ತಾ ನಿಂತರೆ ಆ ಮಾತು ಅರ್ಥವಾಗುತ್ತದೆ. ದಪ್ಪ ಕಬ್ಬಿಣದ ಹಂಚು, ಕೆಳಗೆ ಜೋರು ಉರಿ. ನೀರು ಚಿಮುಕಿಸಿ, ಹಿಡಿ ಪೊರಕೆಯಲ್ಲಿ ಗುಡಿಸಿ, ಆ ಕ್ಷಣವೇ ಹಿಟ್ಟು ಹುಯ್ಯುತ್ತಾರೆ. ಆ ನೀರು ಹಂಚು ಚೊಕ್ಕ ಮಾಡಲು ಮಾತ್ರ ಅಲ್ಲ. ಹಂಚು ವಿಪರೀತ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಬೆಂದು ಸೌಟಿನ ಜೊತೆ ಎದ್ದು ಬರುತ್ತದೆ, ಹರಡುವುದೇ ಇಲ್ಲ. ನೀರು ಮೇಲ್ಮೈಯನ್ನಷ್ಟೇ ತಣಿಸುತ್ತದೆ. ಒಳಗಿನ ಕಾವು ಹಾಗೇ ಇರುತ್ತದೆ. ಹಿಟ್ಟು ಹರಡುವಷ್ಟರಲ್ಲಿ ಅದು ಮತ್ತೆ ಮೇಲೆ ಬಂದು ದೋಸೆಯನ್ನು ಕೆಂಪಗೆ ಮಾಡುತ್ತದೆ.

ತೆಳುವಾದ ನಾನ್‌ಸ್ಟಿಕ್ ತವಾದಲ್ಲಿ ಇದು ಆಗುವುದಿಲ್ಲ. ಅದರ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಬೇಗ ಶಾಖ ಹರಿಸುತ್ತದೆ, ನಿಜ. ಆದರೆ ತೆಳು ತವಾದಲ್ಲಿ ಕೂಡಿಟ್ಟ ಶಾಖವೇ ಇರುವುದಿಲ್ಲ. ತಣ್ಣನೆ ಹಿಟ್ಟು ಬಿದ್ದ ಕೂಡಲೇ ಆರುತ್ತದೆ. ಮತ್ತೆ ಕಾಯುವ ಹೊತ್ತಿಗೆ ದೋಸೆ ಒಣಗಿ ಬಿಳಚಿಕೊಂಡಿರುತ್ತದೆ. ಜಾಸ್ತಿ ಕಾಯಿಸೋಣ ಎಂದರೆ, ಆ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ಬೀಡಿಗೆ ಆ ಭಯ ಇಲ್ಲ.

ಹೊಸ ಕಾವಲಿ ಪಳಗಲು ಸಮಯ ಬೇಕು. ತುಕ್ಕು ಹಿಡಿಯದಿರಲಿ ಎಂದು ಎಣ್ಣೆಯನ್ನೋ ಮೇಣವನ್ನೋ ಸವರಿರುತ್ತಾರೆ, ಅದನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ ತೆಗೆಯಬೇಕು. ನಮ್ಮತ್ತೆ ಕಾವಲಿಯನ್ನು ಗಂಜಿ ತಿಳಿಯಲ್ಲಿ ನೆನೆಹಾಕಿ, ದಿನಾ ತೊಳೆದು, ಎಣ್ಣೆ ಸವರಿ ಕಾಯಿಸಿ ಪಳಗಿಸಿದರು. ಕಾದಾಗ ಎಣ್ಣೆಯೇ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಆ ಕಪ್ಪು ಪದರವೇ ಇದರ ನಾನ್‌ಸ್ಟಿಕ್. ಈಗ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒಮ್ಮೆ ಉಜ್ಜಿದರೆ ಸಾಕು, ದೋಸೆ ತಾನಾಗಿ ಅಂಚು ಬಿಡುತ್ತದೆ.

ಕಷ್ಟ ಇರುವುದು ನಮ್ಮ ಮಳೆಗಾಲದಲ್ಲಿ. ಜೂನ್ ಬಂದರೆ ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣ ಸುಮ್ನೆ ಇರುತ್ತಾ? ತೊಳೆದು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು. ಬಟ್ಟೆಯಲ್ಲಿ ಒರೆಸಿದರೆ ಸಾಲದು. ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ, ಬಿಸಿ ಇರುವಾಗಲೇ ಎಣ್ಣೆ ಸವರಬೇಕು. ಎಣ್ಣೆ ತೆಳುವಾಗಿರಲಿ. ಜಾಸ್ತಿ ಆದರೆ ಅಂಟು ಅಂಟಾಗಿ ಧೂಳು ಹಿಡಿಯುತ್ತದೆ. ತುಕ್ಕು ಬಂದೇ ಬಿಟ್ಟಿತು ಎಂದರೆ ಎಸೆಯಬೇಡಿ. ಕಲ್ಲುಪ್ಪು, ತೆಂಗಿನ ನಾರು ಹಾಕಿ ಉಜ್ಜಿ, ಮತ್ತೆ ಎಣ್ಣೆ ಸವರಿ ಕಾಯಿಸಿದರೆ ಮೊದಲಿನಂತೆಯೇ ಆಗುತ್ತದೆ. ನಾನ್‌ಸ್ಟಿಕ್ ಲೇಪನ ಎದ್ದರೆ ಹೀಗೆ ಸರಿಮಾಡಲು ಆಗಲ್ಲ ಅಲ್ವಾ?

ಅದೇ ತಿಂಗಳುಗಳಲ್ಲಿ ಹಿಟ್ಟೂ ಸತಾಯಿಸುತ್ತದೆ. ಊರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ರಾತ್ರಿ ಚಳಿ. ಬಚ್ಚಲ ಒಲೆ ಇರುವವರು ಹಿಟ್ಟಿನ ಪಾತ್ರೆಯನ್ನು ಹಂಡೆ ಪಕ್ಕ ಇಡುತ್ತಾರೆ. ಹುದುಗದ ಹಿಟ್ಟಿನ ದೋಸೆ ಎಂಥ ಕಾವಲಿಯಲ್ಲೂ ಅಷ್ಟು ಚೆಂದ ಕೆಂಪಾಗುವುದಿಲ್ಲ.

ಅಕ್ಕಿ ರೊಟ್ಟಿಗೆ ಮಾತ್ರ ಈ ಕಾವಲಿ ಒಗ್ಗಲಿಲ್ಲ. ಕಾವಲಿಯ ಮೇಲೇ ರೊಟ್ಟಿ ತಟ್ಟುವವರಿಗೆ ಅದು ಬೇಗ ಆರಬೇಕು. ಇದು ಆರುವುದೇ ಇಲ್ಲ. ಹಾಗೆಂದು ಕಾದ ಬೀಡಿಗೆ ತಣ್ಣೀರು ಸುರಿಯಬಾರದು, ಬಿರುಕು ಬಿಡಬಹುದು. ದೋಸೆಗೆ ಚಿಮುಕಿಸುವ ನೀರು ಬೇರೆ, ಚೆಂಬುಗಟ್ಟಲೆ ಸುರಿಯುವುದು ಬೇರೆ. ಹಾಗಾಗಿ ಬಾಳೆಎಲೆ ಮೇಲೆ ತಟ್ಟಿ ಹಾಕುತ್ತೇನೆ. ಹುಣಸೆ, ಟೊಮೆಟೊ ಹಾಕಿದ್ದನ್ನು ಇದರಲ್ಲಿ ಕುದಿಸುವುದಿಲ್ಲ. ಹುಳಿ ಆ ಕಪ್ಪು ಪದರವನ್ನು ತಿನ್ನುತ್ತದೆ, ಅಡುಗೆಗೆ ಕಬ್ಬಿಣದ ರುಚಿಯೂ ಇಳಿಯುತ್ತದೆ. ಮೀನಿಗೆ ಬೇರೆ ಕಾವಲಿಯೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮರುದಿನದ ದೋಸೆಯಲ್ಲೂ ಬಂಗುಡೆ ವಾಸನೆ.

ಇದರ ಮೇಲಿನ ಮೆಚ್ಚುಗೆಗೇ ಬೀಡಿನ ಪಡ್ಡು ಕಾವಲಿಯನ್ನೂ ತಂದೆ. ಸಣ್ಣ ಉರಿ, ಮೇಲೊಂದು ಮುಚ್ಚಳ. ಹೊರಗೆ ಗರಿ, ಒಳಗೆ ಮೆತ್ತಗೆ. ಈರುಳ್ಳಿ, ಹಸಿಮೆಣಸು, ಕಾಯಿ ಚೂರು ಹಾಕಿದ ಪಡ್ಡು ಮಳೆ ಸಂಜೆಗೆ ಬಹಳ ಹಿತ.

ಇಂಡಕ್ಷನ್ ಒಲೆಯಲ್ಲೂ ನಡೆಯುತ್ತದೆ, ಆದರೆ ನಡುವೆ ಕಾದು ಅಂಚು ತಣ್ಣಗಿರುತ್ತದೆ. ಕಡಿಮೆ ಕಾವಿನಲ್ಲಿ ನಿಧಾನ ಕಾಯಿಸಬೇಕು, ಗಾಜಿನ ಮೇಲೆ ಎಳೆಯದೆ ಎತ್ತಿ ಇಡಬೇಕು. ತೂಕ ಜಾಸ್ತಿ, ಎರಡೂವರೆ ಕೆಜಿ ಮೇಲೆಯೇ ಇದೆ. ಕೈಜಾರಿ ಬಿದ್ದರೆ ಬೀಡು ಒಡೆಯುತ್ತದೆ, ಕಾಲ ಮೇಲೆ ಬಿದ್ದರಂತೂ ಕೇಳುವುದೇ ಬೇಡ. ಮಣಿಕಟ್ಟು ನೋವಿರುವವರು, ವಯಸ್ಸಾದವರು 10 ಇಂಚಿನದು, ಎರಡೂ ಕಡೆ ಹಿಡಿ ಇರುವುದನ್ನು ತೆಗೆದುಕೊಳ್ಳಿ. ದೋಸೆ ಚಿಕ್ಕದಾಗುತ್ತದೆ ಅಷ್ಟೇ, ಕೆಂಪು ಬಣ್ಣ ಅದೇ ಬರುತ್ತದೆ.