ಗರ್ಭಕಂಠದ ಕ್ಯಾನ್ಸರ್: ಬ್ರಾಕಿಥೆರಪಿಯೋ, ಎಸ್‌ಬಿಆರ್‌ಟಿಯೋ?

ನಮ್ಮ ಬಾಗಲಕೋಟೆ, ವಿಜಯಪುರ ಕಡೆ ರೇಡಿಯೇಶನ್ನಿಗೆ ‘ಕರೆಂಟ್ ಕೊಡೋದು’ ಅಂತಾರೆ. ಗರ್ಭಕಂಠದ ಕ್ಯಾನ್ಸರಿಗೆ ಸುಮಾರು 25 ಸಲ ಹೊರಗಿನ ಕರೆಂಟ್ ಮುಗಿದ ಮೇಲೆ ಬ್ರಾಕಿಥೆರಪಿ ಅಂದಾಗ ಹೆಣ್ಣುಮಕ್ಕಳು ಹೆದರುವುದು ಸಹಜ. ಯೋನಿಯ ಮೂಲಕ ಗರ್ಭಕೋಶದೊಳಗೆ ಸಣ್ಣ ನಳಿಗೆ ಕೂರಿಸಿ, ವಿಕಿರಣ ಸೂಸುವ ಇರಿಡಿಯಂ ಮೂಲವನ್ನು ಕೆಲವು ನಿಮಿಷ ಒಳಗಿಡುತ್ತಾರೆ. ಇದರ ಬದಲಿಗೆ ಕೇಳಿಬರುವ ಎಸ್‌ಬಿಆರ್‌ಟಿ (ಸ್ಟೀರಿಯೊಟ್ಯಾಕ್ಟಿಕ್ ಬಾಡಿ ರೇಡಿಯೇಶನ್ ಥೆರಪಿ) ಎಂಬ ಚಿಕಿತ್ಸೆಯಲ್ಲಿ ಇದ್ಯಾವುದೂ ಇಲ್ಲ. ಮಲಗಿದರೆ ಸಾಕು, ಕಿರಣ ಹೊರಗಿನಿಂದಲೇ ಗಡ್ಡೆಗೆ ಗುರಿಯಿಡುತ್ತದೆ.

ಆದರೂ ನಾನು ಬ್ರಾಕಿಥೆರಪಿ ಕಡೆಗೇ. ಮೂತ್ರಚೀಲ ತುಂಬಿದರೆ, ಕರುಳಲ್ಲಿ ಗಾಳಿಯಾದರೆ ಗರ್ಭಕೋಶ ಜರುಗುತ್ತದೆ. ಒಳಗಿನ ನಳಿಗೆ ಅದರ ಜೊತೆಗೇ ಜರುಗುತ್ತದೆ, ಹೊರಗಿನ ಕಿರಣದ ಗುರಿ ತಪ್ಪಬಹುದು. ಒಳಗಿನ ಮೂಲದಿಂದ ಗಡ್ಡೆಗೆ ಭಾರೀ ಡೋಸ್ ಸಿಗುತ್ತದೆ, ಸ್ವಲ್ಪ ದೂರದಲ್ಲೇ ಅದು ಸರ್ರನೆ ಇಳಿಯುತ್ತದೆ. ಅಮೆರಿಕದಲ್ಲಿ ಎಸ್‌ಬಿಆರ್‌ಟಿಯನ್ನು ಬದಲಿಯಾಗಿ ಪರೀಕ್ಷಿಸಿದ ಒಂದು ಎರಡನೇ ಹಂತದ ಪ್ರಯೋಗವನ್ನು ದುಷ್ಪರಿಣಾಮಗಳ ಆತಂಕದಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನಳಿಗೆ ಕೂರಿಸಲು ಸಾಧ್ಯವೇ ಇಲ್ಲ, ಅರಿವಳಿಕೆ ತಡೆಯುವ ಶಕ್ತಿ ಇಲ್ಲ ಎಂದಾಗ ಎಸ್‌ಬಿಆರ್‌ಟಿ ಯೋಚಿಸಬಹುದು. ‘ನಮ್ಮಲ್ಲಿ ಬ್ರಾಕಿಥೆರಪಿ ಯಂತ್ರ ಇಲ್ಲ’ ಎಂಬುದು ಮಾತ್ರ ಕಾರಣವಾಗಬಾರದು. ಬೆಳಗಾವಿಗೋ ಹುಬ್ಬಳ್ಳಿಗೋ ರೆಫರ್ ಮಾಡಿ ಅಂತ ಗಟ್ಟಿಯಾಗಿ ಕೇಳಿ, ಅದೂ ಬೇಗ: ಇಡೀ ಚಿಕಿತ್ಸೆ 8 ವಾರದೊಳಗೆ ಮುಗಿಯಬೇಕು. ನೋವಿನ ಭಯವಿದ್ದರೆ ಬೆನ್ನಿಗೆ ಅರಿವಳಿಕೆ ಕೊಡ್ತೀರಾ ಎಂದು ಮೊದಲೇ ವಿಚಾರಿಸಿ. ಮೂಲ ಹೊರತೆಗೆದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.