ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಊರ ಹೆಸರು ಬಿಡಿಸಲು ಎರಡು ಉಚಿತ ಜಾಲತಾಣ: ಎಷ್ಟು ನಂಬಬಹುದು?

ಸ್ಯಾನ್ ಹೋಸೆ ಸುತ್ತಮುತ್ತ ಕನ್ನಡಿಗರಿಗೇನೂ ಕಮ್ಮಿಯಿಲ್ಲ. ಮಿಲ್ಪಿಟಸ್, ಪಾಲೋ ಆಲ್ಟೋ, ಕ್ಯೂಪರ್ಟಿನೋ ಎಂದು ದಿನಾ ವಿಳಾಸ ಬರೆಯುವವರು ಈ ಹೆಸರುಗಳ ಬೇರು ಹುಡುಕಲು ಹೊರಟರೆ ಬಿಟ್ಟಿ ಸಿಗುವ ಸಾಧನ ಎರಡು. ಒಂದು, ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಸ್ಥಳನಾಮ ಕೋಶ ಜಿಎನ್‌ಐಎಸ್. ಇನ್ನೊಂದು, ಮ್ಯಾಡ್ರಿಡ್‌ನ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಡಿಎಲ್‌ಇ. ಎರಡಕ್ಕೂ ಲಾಗಿನ್ ಬೇಡ. ಮೊದಲನೆಯದು ಹೆಸರು ಯಾವ ಜಾಗದ್ದೆಂದು ತೋರಿಸುತ್ತದೆ, ಅರ್ಥದ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಎರಡನೆಯದು ಪದದ ಅರ್ಥ ಕೊಡುತ್ತದೆ, ಅದು ಆ ಊರಿಗೆ ಒಪ್ಪುತ್ತದೋ ಇಲ್ಲವೋ ನೋಡುವ ಕೆಲಸ ನಿಮ್ಮದು.

ಜಿಎನ್‌ಐಎಸ್‌ನಲ್ಲಿ ಹೆಸರು, ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮೂರನ್ನೂ ತುಂಬಿ. ಕೌಂಟಿ ಬಿಟ್ಟರೆ ಎಡವಟ್ಟು: ಲಾಸ್ ಗ್ಯಾಟೋಸ್ ಕ್ರೀಕ್ ಎಂಬ ಹಳ್ಳ ಸಾಂಟಾ ಕ್ಲಾರಾ ಕೌಂಟಿಯಲ್ಲೂ ಇದೆ, ಫ್ರೆಸ್ನೋ ಕೌಂಟಿಯಲ್ಲೂ ಇದೆ. ಪುಟ ತೆರೆದ ಮೇಲೆ ಮೊದಲು ನೋಡಬೇಕಾದದ್ದು ಪರ್ಯಾಯ ಹೆಸರುಗಳ ಪಟ್ಟಿ. ಹಳೆಯ ಕಾಗುಣಿತ ಸಿಗುವುದಿದ್ದರೆ ಅಲ್ಲೇ. ತಾರೀಖು ನೋಡಿ ಮೋಸಹೋಗಬೇಡಿ. ಕ್ಯಾಲಿಫೋರ್ನಿಯಾದ ಎಷ್ಟೋ ಹೆಸರುಗಳ ಮುಂದೆ 1981 ಎಂದಿದೆ. ಅದು ಕಂಪ್ಯೂಟರಿಗೆ ಏರಿಸಿದ ವರ್ಷ, ಹೆಸರಿಟ್ಟ ವರ್ಷವಲ್ಲ. ಸ್ಯಾನ್ ಹೋಸೆ ಹುಟ್ಟಿದ್ದು 1777ರಲ್ಲಿ.

ಡಿಎಲ್‌ಇ ಪೂರ್ತಿ ಸ್ಪ್ಯಾನಿಷ್‌ನಲ್ಲಿದೆ. ಬ್ರೌಸರಿನ ಅನುವಾದ ಹಾಕಿದರೆ ಅರ್ಥವೇನೋ ತಿಳಿಯುತ್ತದೆ, ಆದರೆ ಸಂಕ್ಷೇಪಾಕ್ಷರಗಳು ಕಲಸುಮೇಲೋಗರವಾಗುತ್ತವೆ. ಪದದ ಮೂಲ ಹೇಳುವ ಮೊದಲ ಸಾಲನ್ನು ಸ್ಪ್ಯಾನಿಷ್‌ನಲ್ಲೇ ಓದಿ. ಊರ ಹೆಸರನ್ನು ಇದ್ದ ಹಾಗೇ ಹೊಡೆದರೆ ಹಲವು ಸಲ ಕೈ ಖಾಲಿ. ಮಿಲ್ಪಿಟಸ್ ತೆಗೆದುಕೊಳ್ಳಿ. ಕೊನೆಯ 'ಸ್' ಬಹುವಚನ, ಅದರ ಹಿಂದಿನ 'ಇತಾ' ಎಂದರೆ ಪುಟ್ಟದು. ನಾವು ಚಿಕ್ಕಬಳ್ಳಾಪುರ ಎಂದು ಮುಂದೆ ಅಂಟಿಸುವುದನ್ನು ಅವರು ಬಾಲಕ್ಕೆ ಅಂಟಿಸುತ್ತಾರೆ. ಎರಡನ್ನೂ ಕಳಚಿ 'ಮಿಲ್ಪಾ' ಹುಡುಕಿದರೆ ಮೆಕ್ಕೆಜೋಳದ ಹೊಲ ಎಂದು ಸಿಗುತ್ತದೆ. ಪದದ ಬೇರಂತೂ ಸ್ಪೇನಿನದೇ ಅಲ್ಲ, ಮೆಕ್ಸಿಕೋದ ನಾವಾತ್ಲ್ ಭಾಷೆಯದು. ಸಾಸಲಿಟೋ ಊರಿನ ಹೆಸರಲ್ಲಿ 'ಇತೋ' ಬಾಲ ಕತ್ತರಿಸಿದರೆ ಸಾಲದು, ಎರಡನೆಯ 'ಎಸ್' ತೆಗೆದು 'ಝಡ್' ಹಾಕಬೇಕು. ಅಮೆರಿಕ ಖಂಡದ ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಒಂದೇ ಉಚ್ಚಾರ, ಹಾಗಾಗಿ ಬರೆಯುವಾಗ ಅದಲುಬದಲಾಗಿದೆ. ಆಗ ಹೊರಬರುವುದು 'ಸೌಸಾಲ್', ಅಂದರೆ ವಿಲೋ ಮರಗಳ ತೋಪು. 'ಎನ್' ಮೇಲಿನ ಅಲೆಗೆರೆಯೂ ಅಷ್ಟೇ ಮುಖ್ಯ. ಅದಿದ್ದರೆ 'ಕನ್ಯಾದಾ', ಅಂದರೆ ಕಣಿವೆ. ಬಿಟ್ಟರೆ ಕೆನಡಾ ದೇಶ! ಕೊಲರಾಡೋದ ಕ್ಯಾನ್ಯನ್ ಸಿಟಿಗೆ ಆ ಗೆರೆಯನ್ನು ಅಮೆರಿಕ ಸರ್ಕಾರದ ಸ್ಥಳನಾಮ ಮಂಡಳಿ ಒಪ್ಪಿದ್ದೇ 1994ರಲ್ಲಿ.

'ಪಾಲೋ' ಸ್ಪೇನಿನವರಿಗೆ ಕೋಲು, ಅಮೆರಿಕ ಖಂಡದ ಬಳಕೆಯಲ್ಲಿ ಮರವೂ ಹೌದು. ಪಾಲೋ ಆಲ್ಟೋ ಎಂದರೆ ಎತ್ತರದ ಮರ. ಊರಿಗೆ ಹೆಸರು ತಂದ ಆ ರೆಡ್‌ವುಡ್ ಮರ ಇವತ್ತಿಗೂ ರೈಲು ಹಳಿಯ ಪಕ್ಕ ನಿಂತಿದೆ. ಇಂಥ ಪದಗಳಿಗೆ ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ 2010ರಲ್ಲಿ ತಂದ ಅಮೆರಿಕನಿಸ್ಮೋಸ್ ನಿಘಂಟನ್ನೂ ತಿರುವಿ ಹಾಕಿ. ಅದೂ ಉಚಿತ.

ನಿಘಂಟು ಪೂರ್ತಿ ದಾರಿ ತಪ್ಪಿಸುವುದು ಮನುಷ್ಯರ ಹೆಸರಲ್ಲಿ. 'ವಾಕಾ' ಎಂದರೆ ಹಸು ಎಂದು ನೋಡಿ ವಾಕಾವಿಲ್ ಹಸುವಿನೂರು ಅಂದುಬಿಟ್ಟೀರಿ! ಅದು ಆ ಜಮೀನಿನ ಒಡೆಯ ಹುವಾನ್ ಮಾನ್ವೆಲ್ ವಾಕಾ ಅವರ ಮನೆತನದ ಹೆಸರು. ಕ್ಯೂಪರ್ಟಿನೋ ಹುಡುಕುವುದೂ ದಂಡ: 1776ರಲ್ಲಿ ಸ್ಪೇನಿನ ಸೇನಾಧಿಕಾರಿ ಆನ್ಸಾ ಅವರ ಅನ್ವೇಷಣಾ ತಂಡದವರು ಅಲ್ಲಿನ ಹಳ್ಳಕ್ಕೆ ಇಟ್ಟದ್ದು ಇಟಲಿಯ ಕೊಪರ್ಟೀನೋ ಊರಿನ ಸಂತ ಜೋಸೆಫರ ಹೆಸರು.

ಅರ್ಥ ಸಿಕ್ಕಿಯೂ ಅನುಮಾನ ಉಳಿದರೆ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿರುವ, ಮೆಕ್ಸಿಕೋ ಆಡಳಿತ ಕಾಲದ ಜಮೀನು ಮಂಜೂರಾತಿ ನಕ್ಷೆಗಳಿಗೆ ಹೋಗಿ. 'ದಿಸೇನ್ಯೋ' ಎಂಬ ಕೈಬರಹದ ನಕ್ಷೆಗಳಿವು. ಅಮೆರಿಕದ 1851ರ ಭೂ ಕಾಯ್ದೆಯ ನಂತರ ನಡೆದ ಹಕ್ಕಿನ ವ್ಯಾಜ್ಯಗಳ ಕಡತದಲ್ಲಿ ಉಳಿದಿವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಅಳತೆ ನಂಬುವಂತಿಲ್ಲ, ಶಾಯಿ ಮಾಸಿದೆ, ಓದಲು ತಾಳ್ಮೆ ಬೇಕು. ಹುಡುಕುವಾಗ ಈಗಿನ ಊರಲ್ಲ, ರಾಂಚೋದ (ಆಗ ಮಂಜೂರಾದ ದೊಡ್ಡ ಜಮೀನಿನ) ಹೆಸರು ಕೊಡಿ: ಲಾಸ್ ಗ್ಯಾಟೋಸ್‌ಗೆ 1840ರಲ್ಲಿ ಮಂಜೂರಾದ 'ರಿಂಕೊನಾದಾ ದೆ ಲೋಸ್ ಗಾತೋಸ್', ಅಂದರೆ ಬೆಕ್ಕುಗಳ ಮೂಲೆ. ಮನೆಬೆಕ್ಕಲ್ಲ, ಆ ಗುಡ್ಡಗಳ ಕಾಡುಬೆಕ್ಕು.