622×19 ಡಬಲ್ ವಾಲ್ ರಿಮ್, 32ರ ಟಯರು: ದಿನಬಳಕೆಯ ವಿಮರ್ಶೆ

ಇಲ್ಲಿ ತೂಗಿ ನೋಡಿರುವುದು ಒಂದು ಕಂಪನಿಯ ಮಾಲಿಗಿಂತ ಹೆಚ್ಚಾಗಿ ಸೈಕಲ್ ಚಕ್ರದ ಒಂದು ಅಳತೆಯನ್ನು. 700ಸಿ (ಟಯರು ಕೂರುವ ವ್ಯಾಸ 622 ಮಿ.ಮೀ) ಡಬಲ್ ವಾಲ್, ಅಂದರೆ ಎರಡು ಪದರದ ಗೋಡೆಯ ಅಲ್ಯೂಮಿನಿಯಂ ರಿಮ್, ಒಳ ಅಗಲ 19 ಮಿ.ಮೀ, ಕಡ್ಡಿಯ ತೂತಿಗೆ ಐಲೆಟ್ (ಲೋಹದ ಬಳೆ), ಮುಂದೆ 32 ಕಡ್ಡಿ, ಹಿಂದೆ 36, ರಿಮ್ ಬ್ರೇಕ್. ಮೇಲೆ 32 ಮಿ.ಮೀ ಅಗಲದ 32-622 ಟಯರು, ಒಳಗೆ ಸಾಧಾರಣ ಬ್ಯುಟೈಲ್ ಟ್ಯೂಬು. ಆಫೀಸಿಗೆ, ತರಕಾರಿ ತರಲು, ಭಾನುವಾರದ ಲಾಂಗ್ ರೈಡಿಗೆ ಎಲ್ಲಕ್ಕೂ ಒಂದೇ ಸೈಕಲ್ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಆದರೆ ಗಾಳಿಯನ್ನು ಅಳೆದು ಹೊಡೆಯಬೇಕು. ಟಯರಿನ ಪಕ್ಕೆಯಲ್ಲಿ ‘ಮ್ಯಾಕ್ಸ್ 85’ ಎಂದಿದೆಯೆಂದು 85 ಪಿಎಸ್‌ಐ (ಗಾಳಿಯ ಒತ್ತಡದ ಲೆಕ್ಕ) ತುಂಬಿಸಿದರೆ ಅಗಲದ ರಿಮ್ ಕೊಂಡ ಲಾಭವೆಲ್ಲ ಹೋಯಿತು. ಆ ಅಂಕಿ ದಾಟಬಾರದ ಗಡಿ, ಅಷ್ಟೇ.

ಕೊಳ್ಳುವಾಗ ಇಂಚಿನ ಲೆಕ್ಕ ಬಿಟ್ಟುಬಿಡಿ. ಹಳೆಯ ರೋಡ್‌ಸ್ಟರ್ ಸೈಕಲ್ಲಿನ 28×1½ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ. ಹೈಬ್ರಿಡ್ ಸೈಕಲ್ಲಿನ ಟಯರಿನ ಮೇಲೂ 28 ಎಂದೇ ಬರೆದಿರಬಹುದು, ಅದು 622. ಈ 622ರ ಟಯರು 635ರ ರಿಮ್ಮಿಗೆ ಜಪ್ಪಯ್ಯ ಅಂದರೂ ಹತ್ತುವುದಿಲ್ಲ. 635ರ ಟಯರು 622ಕ್ಕೆ ಹತ್ತಿದಂತೆ ಕಂಡು, ಗಾಳಿ ತುಂಬುವಾಗ ಕಳಚಿ ಟ್ಯೂಬು ಸಿಡಿಯುತ್ತದೆ. ಎಂಟಿಬಿಯವರು (ಮೌಂಟನ್ ಬೈಕಿನವರು) 29 ಅನ್ನುವುದೂ 622. ಇಪ್ಪತ್ತಾರರಲ್ಲಿ ಎಂಟಿಬಿಗೆ 559, ಲೇಡೀಸ್ ಸೈಕಲ್ಲಿನ 26×1⅜ಕ್ಕೆ 590. ಟಯರಿನ ಪಕ್ಕೆಯಲ್ಲಿ ಅಡ್ಡಗೆರೆ ಹಾಕಿ ಬರೆದ ಜೋಡಿ ಅಂಕಿಯನ್ನೇ ನಂಬಿ: ಮೊದಲನೆಯದು ಟಯರಿನ ಅಗಲ, ಎರಡನೆಯದು ಕೂರುವ ವ್ಯಾಸ.

ಒಳ ಅಗಲ ಏಕೆ 19? ಹಳೆಯ ರೇಸಿಂಗ್ ರಿಮ್ಮುಗಳ ಒಳ ಅಗಲ 13ರಿಂದ 15 ಮಿ.ಮೀ. ಅದಕ್ಕೆ 32ರ ಟಯರು ಹಾಕಿದರೆ ಬುಡ ಕಿರಿದಾಗಿ ಮೇಲೆ ಉಬ್ಬಿಕೊಳ್ಳುತ್ತದೆ. ಗಾಳಿ ಇಳಿಸಿದರೆ ತಿರುವಿನಲ್ಲಿ ಪಕ್ಕಕ್ಕೆ ತೂಗುತ್ತದೆ, ಆ ತೂಗಾಟ ತಪ್ಪಿಸಲು ಗಾಳಿ ಏರಿಸಬೇಕು, ಏರಿಸಿದರೆ ಬೆನ್ನಿಗೆ ಏಟು. 19ರಲ್ಲಿ ಪಕ್ಕೆಗಳು ನೆಟ್ಟಗೆ ನಿಲ್ಲುವುದರಿಂದ ಕಡಿಮೆ ಗಾಳಿಯಲ್ಲೂ ಹಿಡಿತ ತಪ್ಪುವುದಿಲ್ಲ. ರಿಮ್ಮಿನ ಒಳ ಅಗಲ ಒಂದು ಮಿ.ಮೀ ಹೆಚ್ಚಿದರೆ ಟಯರು ಸುಮಾರು 0.4 ಮಿ.ಮೀ ಹಿಗ್ಗುತ್ತದೆ. ಹಾಗಾಗಿ 15ರಿಂದ 19ಕ್ಕೆ ಬಂದರೆ ಅದೇ ಟಯರು ಒಂದೂವರೆ ಮಿ.ಮೀ ಹೆಚ್ಚು ದಪ್ಪ. ಟಯರಿಗೂ ಫೋರ್ಕು, ಮಡ್ಗಾರ್ಡುಗಳಿಗೂ ನಡುವೆ ಎರಡೂ ಪಕ್ಕ 4–5 ಮಿ.ಮೀ ಸಂದು ಉಳಿಯುವುದೇ ನೋಡಿಕೊಳ್ಳಿ. ಸಂದು ಅದಕ್ಕಿಂತ ಕಡಿಮೆಯಾದರೆ ಕೆಂಪು ಮಣ್ಣಿನ ಕೆಸರು ತುಂಬಿಕೊಂಡು ಸಿಕ್ಕಿಕೊಳ್ಳುತ್ತದೆ. ಈ ರಿಮ್ಮಿಗೆ 28ರಿಂದ 47ರವರೆಗಿನ ಟಯರು ಹೊಂದುತ್ತದೆ. ತೂಕ ಮಾತ್ರ ಹೆಚ್ಚು, ಒಂದೊಂದು ರಿಮ್ 550–600 ಗ್ರಾಂ. ಏರಿನಲ್ಲಿ ಸೆಕೆಂಡು ಎಣಿಸುವವರು ಬೇರೆ ನೋಡಬೇಕು.

ಈಗ ಗಾಳಿ. ಅಮೆರಿಕದ ಸೈಕಲ್ ತಂತ್ರಜ್ಞಾನ ಬರಹಗಾರ ಫ್ರಾಂಕ್ ಬರ್ಟೊ ಅವರ ಶೇ 15ರ ಕುಸಿತದ ನಿಯಮ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ: ಸವಾರ ಹತ್ತಿ ಕೂತಾಗ ಟಯರಿನ ಎತ್ತರ ಶೇ 15ರಷ್ಟು ಇಳಿಯಬೇಕು. 32ರ ಟಯರಿನ ಎತ್ತರ ರಿಮ್ಮಿನ ಅಂಚಿನಿಂದ ನೆಲದವರೆಗೆ ಸುಮಾರು 26 ಮಿ.ಮೀ, ಇಳಿಯಬೇಕಾದ್ದು ಸುಮಾರು ನಾಲ್ಕು. ಸೈಕಲ್ಲನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಚಕ್ರದ ತಳದಲ್ಲಿ ಸ್ಟೀಲ್ ಸ್ಕೇಲನ್ನು ನೆಟ್ಟಗೆ ಹಿಡಿದು ಅಂಚಿನ ಎತ್ತರ ಗುರುತು ಮಾಡಿ. ಸ್ಕೇಲಿನ ಸೊನ್ನೆ ತುದಿಯಿಂದಲೇ ಶುರುವಾಗಬೇಕು. ಶಾಲೆಯ ಪ್ಲಾಸ್ಟಿಕ್ ಸ್ಕೇಲಿನಲ್ಲಿ ತುದಿಗೂ ಸೊನ್ನೆಗೂ ನಡುವೆ ಜಾಗ ಬಿಟ್ಟಿರುತ್ತದೆ. ಚೀಲ, ನೀರಿನ ಬಾಟಲಿ ಎಲ್ಲ ಏರಿಸಿ, ಹ್ಯಾಂಡಲ್ ಹಿಡಿದು ಎಂದಿನ ಭಂಗಿಯಲ್ಲಿ ಕೂತ ಮೇಲೆ ಇನ್ನೊಬ್ಬರು ಅಳೆಯಲಿ. ಹಿಂದೆ ಮುಂದೆ ಎರಡೂ ಬೇರೆ ಬೇರೆ.

ಸವಾರ, ಸೈಕಲ್, ಸಾಮಾನು ಸೇರಿ 90 ಕೆ.ಜಿ ಆದರೆ ಹಿಂದಿನ ಚಕ್ರಕ್ಕೆ 50, ಮುಂದಿನದಕ್ಕೆ 40 ಕೆ.ಜಿ ಬೀಳುತ್ತದೆ. ಆಗ 32ರ ಟಯರಿಗೆ ಹಿಂದೆ 65, ಮುಂದೆ 50 ಪಿಎಸ್‌ಐ ಇಟ್ಟು ಶುರು ಮಾಡಿ. 28 ಹಾಕಿದ್ದರೆ 85 ಮತ್ತು 65, 37ಕ್ಕೆ 50 ಮತ್ತು 40. ಒಟ್ಟು ತೂಕದಲ್ಲಿ 10 ಕೆ.ಜಿ ಹೆಚ್ಚು ಕಡಿಮೆಯಾದರೆ ಹಿಂದೆ 6–7, ಮುಂದೆ 5 ಪಿಎಸ್‌ಐ ಬದಲಿಸಿ. ಪಂಪಿನಲ್ಲಿ ಬಾರ್ ಲೆಕ್ಕವಿದ್ದರೆ ಒಂದು ಬಾರ್ ಅಂದರೆ 14.5 ಪಿಎಸ್‌ಐ. ಎರಡೂ ಚಕ್ರಕ್ಕೆ ಒಂದೇ ಗಾಳಿ ಹೊಡೆಯುವ ರೂಢಿ ಬಹಳ ಕಡೆ ಇದೆ. ಅದರಿಂದ ಮುಂದಿನ ಚಕ್ರ ಸುಮ್ಮನೆ ಕುಣಿಯುತ್ತದೆ, ಕೈ ಜೋಮು ಹಿಡಿಯುತ್ತದೆ. ಹೆಚ್ಚು ಗಾಳಿ ಅಂದರೆ ಹೆಚ್ಚು ವೇಗ ಎಂಬ ಮಾತು ನುಣ್ಣನೆಯ ಟ್ರ್ಯಾಕಿಗೆ ಒಪ್ಪುತ್ತದೆ. ನಮ್ಮ ತೇಪೆ ಹಾಕಿದ ಡಾಂಬರಿನಲ್ಲಿ ಪ್ರತಿ ಉಬ್ಬಿಗೂ ಸೈಕಲ್ ಮೇಲೆದ್ದು ಬೀಳುವುದರಲ್ಲೇ ಶಕ್ತಿ ಪೋಲಾಗುತ್ತದೆ.

ಬಿಸಿಲಿಗೆ ಟಯರು ಸಿಡಿಯುತ್ತದೆಂಬ ಹೆದರಿಕೆಗೆ ಲೆಕ್ಕ ಹೀಗಿದೆ: 60 ಪಿಎಸ್‌ಐ ಇರುವಾಗ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಏರುವುದು ಎರಡೂವರೆ ಪಿಎಸ್‌ಐ. ಮಂಗಳೂರಿನ ಕಡಲತೀರದಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋದರೂ, ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ, ಗೇಜಿನಲ್ಲಿ ಏರುವುದು ಮೂರರ ಆಸುಪಾಸು. ಗಡಿ ಅಂಕಿಯವರೆಗೆ ತುಂಬಿದವರು ಮಾತ್ರ ಚಿಂತಿಸಬೇಕಾದ ವಿಷಯ.

ಹೆಬ್ಬೆರಳಲ್ಲಿ ಒತ್ತಿ ನೋಡುವುದನ್ನು ನೆಚ್ಚಿಕೊಳ್ಳಬೇಡಿ, 40 ದಾಟಿದ ಮೇಲೆ 50ಕ್ಕೂ 80ಕ್ಕೂ ಬೆರಳಿಗೆ ವ್ಯತ್ಯಾಸ ತಿಳಿಯದು. ಗೇಜ್ ಇರುವ ಫ್ಲೋರ್ ಪಂಪ್ ಕೊಳ್ಳಿ, ವಾರಕ್ಕೊಮ್ಮೆ ಹೊಡೆಯಿರಿ. ವಾಲ್ವಿನಿಂದ ಪಂಪಿನ ತಲೆ ಕೀಳುವಾಗ ‘ಟುಸ್’ ಅನ್ನುವುದು ಪಂಪಿನ ಪೈಪಿನೊಳಗಿನ ಗಾಳಿ, ಟ್ಯೂಬಿನದ್ದಲ್ಲ. ಅದೇ ಪಂಪನ್ನು ಮತ್ತೆ ಸಿಕ್ಕಿಸಿದರೆ ಗೇಜ್ ಕಡಿಮೆ ತೋರಿಸುತ್ತದೆ, ಖಾಲಿ ಪೈಪು ತುಂಬಲು ಟ್ಯೂಬಿನ ಗಾಳಿಯೇ ಹೋಗಿರುತ್ತದೆ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಬೇಡ. ಸೈಕಲ್ ಟ್ಯೂಬಿನ ಗಾತ್ರಕ್ಕೆ ಅದು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಗಡಿ ದಾಟಿಸುತ್ತದೆ.

ಪಂಚರ್ ಆದಾಗ ತೂತು ಎಲ್ಲಿದೆ ನೋಡಿ, ಕಾರಣ ಅಲ್ಲೇ ಇರುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಸಾಲದೆ ಗುಂಡಿಯಲ್ಲೋ ಹಂಪಿನಲ್ಲೋ ರಿಮ್ಮಿನ ಎರಡೂ ಅಂಚು ಟ್ಯೂಬನ್ನು ಜಜ್ಜಿವೆ. ರಿಮ್ಮಿನ ಅಂಚು ತಗ್ಗಾಗಿದೆಯೇ ಅದನ್ನೂ ಸವರಿ ನೋಡಿ. ತಗ್ಗಿದ್ದರೆ ಬ್ರೇಕ್ ಪ್ರತಿ ಸುತ್ತಿಗೊಮ್ಮೆ ಕಚ್ಚುತ್ತದೆ. ತೂತು ಟ್ಯೂಬಿನ ಒಳಮೈಯಲ್ಲಿ, ಕಡ್ಡಿಯ ಕಡೆಗೆ ಇದ್ದರೆ ತಪ್ಪು ರಿಮ್ ಟೇಪಿನದು. ಡಬಲ್ ವಾಲ್ ರಿಮ್ಮಿನ ಒಳಗೋಡೆಯಲ್ಲಿ ನಿಪ್ಪಲ್ (ಕಡ್ಡಿಯ ತುದಿಯ ನಟ್ಟು) ಹಾಕುವ ದೊಡ್ಡ ತೂತುಗಳಿರುತ್ತವೆ, 60 ಪಿಎಸ್‌ಐಗೆ ಟ್ಯೂಬು ಅದರೊಳಗೆ ನುಗ್ಗಿ ಒಡೆಯುತ್ತದೆ. ಪಂಚರ್ ಅಂಗಡಿಯಲ್ಲಿ ಹಳೆಯ ಟ್ಯೂಬಿನ ಪಟ್ಟಿ ಸುತ್ತಿಕೊಡುತ್ತಾರೆ, ಅದು ಸ್ಟೀಲ್ ರಿಮ್ಮಿಗೆ ಸರಿ, ಇಲ್ಲಿ ಸರಿದುಹೋಗುತ್ತದೆ. 18–20 ಮಿ.ಮೀ ಅಗಲದ ಅಂಟಿನ ಬಟ್ಟೆ ಟೇಪನ್ನು ವಾಲ್ವ್ ತೂತಿನ ಬಳಿ ಶುರು ಮಾಡಿ ಬಿಗಿಯಾಗಿ ಸುತ್ತಿದರೆ ಈ ಕಾಟ ತೀರಿತು.

ವಾಲ್ವ್ ತೂತು ಇನ್ನೊಂದು ವಿಚಾರ: ದಪ್ಪ ವಾಲ್ವ್ ಷ್ರೇಡರ್‌ಗೆ 8.5 ಮಿ.ಮೀ, ಸಣ್ಣ ವಾಲ್ವ್ ಪ್ರೆಸ್ಟಾಗೆ 6.5. ಊರು ಕೇರಿ ಸುತ್ತುವವರು 8.5ರ ತೂತಿನ ರಿಮ್ ಕೊಂಡರೆ ಅನುಕೂಲ, ಬೈಕಿನ ವಾಲ್ವ್ ತರಹದ್ದು ಎಲ್ಲೂ ನಡೆಯುತ್ತದೆ. ಪ್ರೆಸ್ಟಾ ಇದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಳ್ಳಿ.

ಕಡ್ಡಿಗಳು 2 ಮಿ.ಮೀ ಸ್ಟೇನ್‌ಲೆಸ್ ಇರಲಿ. ಹಿಂದಿನ ಚಕ್ರದ ಫ್ರೀವೀಲ್ ಪಕ್ಕ 100ರಿಂದ 120 ಕೆ.ಜಿ ಬಿಗಿ ಬೇಕು, ಎದುರು ಪಕ್ಕ ಅದರ ಅರ್ಧಕ್ಕಿಂತ ತುಸು ಹೆಚ್ಚು ಬಂದರೆ ಸಹಜ. ಕಡ್ಡಿ ಹಬ್ಬಿನ ಬಳಿ, ಬಾಗಿದ ಕಡೆಯೇ ಮುರಿಯುತ್ತಿದ್ದರೆ ಬಿಗಿ ಸಾಲದೆಂದು ಅರ್ಥ: ಸಡಿಲಾದ ಕಡ್ಡಿ ಪ್ರತಿ ಸುತ್ತಿಗೂ ಸೊರಗಿ ಬಿಗಿದು ದಣಿಯುತ್ತದೆ. ನಿಪ್ಪಲ್ ಸುತ್ತ ಕೂದಲೆಳೆಯ ಬಿರುಕು ಬಂದರೆ ಬಿಗಿ ಮಿತಿಮೀರಿದೆ, ಐಲೆಟ್ ಇರುವುದು ಅದನ್ನು ತಡೆಯಲೆಂದೇ. ಟಯರಿನ ಗಾಳಿ ರಿಮ್ಮನ್ನು ಸುತ್ತಲೂ ಒತ್ತಿ ಕಡ್ಡಿಯ ಬಿಗಿ ಇಳಿಸುತ್ತದೆ. ಅದಕ್ಕೆ ಬಿಗಿ ಅಳೆಯುವುದು ಗಾಳಿ ಬಿಟ್ಟ ಮೇಲೆ. ಚಕ್ರದ ಅಡ್ಡ ಓಲಾಟ ಅರ್ಧ ಮಿ.ಮೀ ಒಳಗಿದ್ದರೆ ಮುಟ್ಟದೆ ಬಿಡಿ.

ಸವೆತ ಈ ರಿಮ್ಮಿನ ನಿಜವಾದ ಖರ್ಚು. ಕ್ರೋಮ್ ಸ್ಟೀಲ್ ರಿಮ್ ಮಳೆಯಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನಬೇಕು, ಆದರೆ ಸವೆಯುವುದಿಲ್ಲ. ಅಲ್ಯೂಮಿನಿಯಂ ಹಿಡಿಯುತ್ತದೆ, ಸವೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಆಗುಂಬೆಯ 14 ತಿರುವುಗಳಂಥ ಇಳಿಜಾರಿನಲ್ಲಿ, ಮರಳು ಮೆತ್ತಿದ ಬ್ರೇಕ್ ರಬ್ಬರು ಉಪ್ಪುಕಾಗದದಂತೆ ತೇಯುತ್ತದೆ. ರಬ್ಬರಿನಲ್ಲಿ ಬೆಳ್ಳಗೆ ಮಿನುಗುವ ಚೂರು ಕಂಡರೆ ಅದು ರಿಮ್ಮಿನದೇ ಅಲ್ಯೂಮಿನಿಯಂ. ಸೂಜಿಯಿಂದ ಕಿತ್ತು ತೆಗೆಯದಿದ್ದರೆ ಇನ್ನಷ್ಟು ಕೆತ್ತುತ್ತದೆ. ತಿಂಗಳಿಗೊಮ್ಮೆ ಸ್ಕೇಲಿನ ಅಂಚನ್ನು ಬ್ರೇಕ್ ತಾಗುವ ಪಟ್ಟಿಗೆ ಅಡ್ಡ ಹಿಡಿದು ನೋಡಿ. ನಡುವೆ ಅರ್ಧ ಮಿ.ಮೀ ಬೆಳಕು ಕಂಡರೆ, ಇಲ್ಲವೆ ಸವೆತದ ಗುರುತಿನ ಗೀರು ಮಾಯವಾಗಿದ್ದರೆ ರಿಮ್ ಬದಲಿಸಿ. ಗಾಳಿಯ ಒತ್ತಡವನ್ನು ತಡೆದಿರುವುದು ಅದೇ ಗೋಡೆ. ತೆಳುವಾದದ್ದು ಉದ್ದಕ್ಕೂ ಬಿರಿದು ಕಿತ್ತುಬರುತ್ತದೆ, ಅದೂ ಸಾಮಾನ್ಯವಾಗಿ ಬ್ರೇಕ್ ಹಿಡಿದಾಗಲೇ. ಅದೇ ಗಾಳಿಗೆ ಅಗಲದ ಟಯರು ಈ ಗೋಡೆಯನ್ನು ಹೆಚ್ಚು ಜಗ್ಗುತ್ತದೆ, 28ರಿಂದ 37ಕ್ಕೆ ಹೋದಾಗ ಗಾಳಿ ಇಳಿಸಲೇಬೇಕಾದ್ದು ಇದಕ್ಕೂ ಹೌದು.

ಡಿಸ್ಕ್ ಬ್ರೇಕ್ ಸೈಕಲ್ಲಿನವರಿಗೆ ಸವೆತದ ಮಾತಿಲ್ಲ. ಅಂಚಿನಲ್ಲಿ ಕೊಕ್ಕೆ ಇಲ್ಲದ ಹೊಸ ಹುಕ್‌ಲೆಸ್ ರಿಮ್ಮಿದ್ದರೆ ಮಾತ್ರ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಲೇಕೂಡದು. ರಿಮ್ ಕಂಪನಿ ಒಪ್ಪಿದ ಟಯರನ್ನೇ ಹಾಕಬೇಕು.

60 ಕೆ.ಜಿಯೊಳಗಿನ ಹಗುರ ಸವಾರರಿಗೆ ಎರಡೂ ಕಡೆ 32 ಕಡ್ಡಿ ಬೇಕಾದಷ್ಟಾಯಿತು. ನೂರು ಕೆ.ಜಿ ದಾಟಿದವರು, ಕ್ಯಾರಿಯರಿನಲ್ಲಿ ಸಾಮಾನು ಹೇರುವವರು ಎರಡೂ ಕಡೆ 36 ಕಟ್ಟಿಸಿ, ಫೋರ್ಕಿನಲ್ಲಿ ಜಾಗವಿದ್ದರೆ 37ರ ಟಯರನ್ನೇ ಹಾಕಿಸಲಿ.